ಮಾರಿಯೋ ಮತ್ತೆ ಆಡಿದೆ, ಯಾಕೋ ಮನಸ್ಸಿಗೆ ಬೇಜಾರಾಯಿತು

ತೀರ್ಥಹಳ್ಳಿಯವ:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ದಿನಾ ರಾತ್ರಿ ಊಟ ಆದಮೇಲೆ ಸೂಪರ್ ಮಾರಿಯೋ ಬ್ರದರ್ಸ್ ಆಡುತ್ತಿದ್ದೆ. ಹೊಸ ಮಾರಿಯೋ ಅಲ್ಲ, 1985ರ ಮೊದಲನೇದು. ಅಣಬೆ ತಿಂದು ದೊಡ್ಡವನಾಗಿ, ಕೊನೆಗೆ ಬಾವುಟದ ಕಂಬ ಹಿಡಿದು ಜಾರುತ್ತಾನಲ್ಲ, ಅದೇ. ಮೊನ್ನೆ ಭಾನುವಾರ 32 ಲೆವೆಲ್ಲೂ ಮುಗಿಯಿತು. ಟಿವಿ ಆಫ್ ಮಾಡಿ ಸುಮ್ನೆ ಕೂತೆ. ಖುಷಿ ಆಗಲಿಲ್ಲ. ಇದನ್ನು ಮನೆಯಲ್ಲಿ ಹೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ, ನಿಮಗೆ ಆಗಬಹುದು ಅಂತ ಬರೆಯುತ್ತಿದ್ದೇನೆ.

1996ರ ಬೇಸಿಗೆ ರಜೆಯಲ್ಲಿ ಮಾವ ಬೆಂಗಳೂರಿನಿಂದ ಟಿವಿ ಗೇಮ್ ತಂದುಕೊಟ್ಟರು. ಅಸಲಿ ನಿಂಟೆಂಡೋ ಅಲ್ಲ, ಆಗ ಎಲ್ಲರ ಮನೆಗೂ ಬಂದಿದ್ದ ನಕಲು ಡಬ್ಬಿ. ಜೊತೆಗೆ ಒಂದು ಹಳದಿ ಕ್ಯಾಸೆಟ್. ನನಗೂ ತಮ್ಮನಿಗೂ ಆ ರಜೆ ಪೂರ್ತಿ ಅದೇ ಪ್ರಪಂಚ. ಆಟದಲ್ಲಿ ಎಂಟು ವರ್ಲ್ಡ್, ಒಂದೊಂದರಲ್ಲಿ ನಾಲ್ಕು ಲೆವೆಲ್; 1-2 ಅಂದರೆ ಮೊದಲ ವರ್ಲ್ಡ್‌ನ ಎರಡನೇ ಲೆವೆಲ್. ಆ 1-2ರಲ್ಲಿ ಮೇಲಿನ ಇಟ್ಟಿಗೆ ಮೇಲೆ ಹತ್ತಿ ಕೊನೆವರೆಗೆ ಓಡಿದರೆ ಮೂರು ಪೈಪಿನ ಕೋಣೆ ಸಿಗುತ್ತದೆ. ಅಲ್ಲಿಂದ ಸೀದಾ 4ನೇ ವರ್ಲ್ಡ್‌ಗೆ ಹೋಗುತ್ತಿದ್ದೆವು. ಆದರೆ 4-4ರ ಕೋಟೆ ಮಾತ್ರ ಯಾವತ್ತೂ ದಾಟಲಿಲ್ಲ. ಎಷ್ಟು ಓಡಿದರೂ ಅದೇ ಜಾಗ ಮತ್ತೆ ಮತ್ತೆ ಬರುತ್ತಿತ್ತು. ಕ್ಯಾಸೆಟ್ಟೇ ಕೆಟ್ಟಿದೆ ಅಂದುಕೊಂಡೆವು. ಅಂಗಡಿಗೆ ವಾಪಸ್ ಕೊಟ್ಟು ಬೇರೆ ತರಿಸಿ ಅಂತ ತಮ್ಮ ಅತ್ತಿದ್ದ. ದಾರಿ ತಪ್ಪಿದರೆ ಹಿಂದಕ್ಕೆ ಕಳಿಸುವ ಚಕ್ರವ್ಯೂಹ ಅದು ಅಂತ ನನಗೆ ತಿಳಿದಿದ್ದು ಇಂಜಿನಿಯರಿಂಗ್ ಓದುವಾಗ.

ಹಾಗಾಗಿ 5ನೇ ವರ್ಲ್ಡ್‌ನಿಂದ ಆಚೆಗೆ ಏನಿದೆ ಅನ್ನೋದು ನಮಗೆ ಬರೀ ಕಲ್ಪನೆ. ಗಣಿತದ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ 8ನೇ ವರ್ಲ್ಡ್‌ನ ಚಿತ್ರ ಬಿಡಿಸಿದ್ದೆ. ಅದರಲ್ಲಿ ಹಡಗಿತ್ತು, ಮಂಜಿನ ಗುಡ್ಡ ಇತ್ತು, ಎರಡು ತಲೆಯ ಡ್ರ್ಯಾಗನ್ ಇತ್ತು.

ಈಗ ನಿಂಟೆಂಡೋದವರ ಹೊಸ ಗೇಮ್ ಡಬ್ಬಿ ಸ್ವಿಚ್ಚಿನಲ್ಲಿ, ಹಳೇ ಆಟಗಳ ಪಟ್ಟಿಯಲ್ಲಿ ಅದೇ ಮಾರಿಯೋ ಸಿಕ್ಕಿತು. ಈ ಸಲ ಶಾರ್ಟ್‌ಕಟ್ ಬೇಡ, ಎಲ್ಲಾ ನೋಡೋಣ ಅಂತ ಹೊರಟೆ. 4-4 ದಾಟಿದಾಗ ಎದೆ ಹೊಡೆದುಕೊಳ್ಳುತ್ತಿತ್ತು. 5-1 ಬಂತು, 5-2 ಬಂತು. 5-3 ಬಂತು ನೋಡಿ, ಅದು 1-3! ಅದೇ ಮರಗಳು, ಅದೇ ಕಂಬ. ಲಿಫ್ಟ್ ಹಲಗೆಗಳನ್ನು ಗಿಡ್ಡ ಮಾಡಿ, ಮೇಲಿಂದ ಒಂದಷ್ಟು ಗುಂಡು ಹಾರಿಸಿದ್ದಾರೆ ಅಷ್ಟೇ. ಆಮೇಲೆ 5-4 ಬಂತು, ಅದು 2-4. 6-4 ಅಂದರೆ 1-4. 7-2 ಅಂದರೆ 2-2. 7-3 ಅಂದರೆ 2-3. ಐದು ಲೆವೆಲ್ ಮತ್ತೆ ಬಳಸಿದ್ದಾರೆ. ಪ್ರತಿ ಕೋಟೆಯ ಕೊನೆಗೂ ಅದೇ ಸೇತುವೆ, ಅದೇ ಕೊಡಲಿ, ಮಾರಿಯೋ ಬಿಡಿಸಬೇಕಾದ ರಾಣಿ ಬೇರೆ ಕೋಟೆಯಲ್ಲಿದ್ದಾಳೆ ಅನ್ನುವ ಅದೇ ಮಾತು. ಏಳು ಸಲ.

ಇನ್ನೊಂದು ವಿಷಯ. ಕೈಗೆ ಮಾರಿಯೋ ಸಿಗಲೇ ಇಲ್ಲ. ಜಾರುತ್ತಾನೆ. ನಾನು ನಿಲ್ಲಿಸಬೇಕು ಅಂದುಕೊಂಡ ಜಾಗದಿಂದ ಅರ್ಧ ಇಟ್ಟಿಗೆ ಆಚೆಗೆ ಹೋಗಿ ನಿಲ್ಲುತ್ತಾನೆ. 8ನೇ ವರ್ಲ್ಡ್‌ನಲ್ಲಿ ಸಾಕಾಗಿ, ಆಟವನ್ನು ಹಿಂದಕ್ಕೆ ಓಡಿಸುವ ರಿವೈಂಡ್ ಒತ್ತಿ ಒತ್ತಿ ಮುಗಿಸಿದೆ. ರಾಣಿ ಸಿಕ್ಕಳು. ಏನೂ ಅನ್ನಿಸಲಿಲ್ಲ.

ನಿಮಗೂ ಹೀಗೆ ಆಗಿದೆಯಾ?

ಹುಬ್ಬಳ್ಳಿ ಹುಡುಗ:

ಸರ್, ನೋವು ಅರ್ಥ ಆಗುತ್ತದೆ. ಆದರೆ ಆಟಕ್ಕೆ ಅನ್ಯಾಯ ಮಾಡಬೇಡಿ. ಆ ಕ್ಯಾಸೆಟ್ಟಿನಲ್ಲಿ ಇರುವುದು ಒಟ್ಟು 40 ಕೆಬಿ. 32 ಕೆಬಿ ಪ್ರೋಗ್ರಾಂ, 8 ಕೆಬಿ ಚಿತ್ರಗಳು. ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಚಿತ್ರವೇ ಅದಕ್ಕಿಂತ ದೊಡ್ಡದು. ಅಷ್ಟರಲ್ಲೇ ಭೂಮಿ, ನೆಲಮಾಳಿಗೆ, ನೀರು, ಕೋಟೆ, ಕೋಜಿ ಕೊಂಡೊ ಅವರ ಸಂಗೀತ ಎಲ್ಲಾ ಕೂರಬೇಕಿತ್ತು. ಆಕಾಶದ ಮೋಡ ಮತ್ತು ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಒಮ್ಮೆ ನಿಲ್ಲಿಸಿ ನೋಡಿ. 5-3 ಕೂಡ ಹಾಗೆಯೇ. 1-3ರ ನಕ್ಷೆಯನ್ನೇ ತೆಗೆದುಕೊಂಡು ಕಷ್ಟ ಮಾತ್ರ ಏರಿಸಿದ್ದಾರೆ. ಜಾಗ ಇಲ್ಲದಾಗ ಬೇರೆ ಏನು ಮಾಡಬೇಕಿತ್ತು?

ಮತ್ತೆ 1-1 ನೋಡಿ. ಮೊದಲ ಶತ್ರು ನಿಧಾನ ನಡೆದು ಬರುತ್ತದೆ. ಅದಕ್ಕೆ ಸಿಕ್ಕಿ ಔಟ್ ಆದರೆ ಹತ್ತೇ ಹೆಜ್ಜೆ ಹಿಂದೆ. ಪ್ರಶ್ನೆಚಿಹ್ನೆಯ ಡಬ್ಬಿ ಹೊಡೆದರೆ ಅಣಬೆ ಬಲಕ್ಕೆ ಓಡುತ್ತದೆ, ಪೈಪಿಗೆ ಬಡಿದು ತಿರುಗಿ ನಮ್ಮ ಕಡೆಗೇ ಬರುತ್ತದೆ. ತಪ್ಪಿಸಿಕೊಳ್ಳೋಣ ಅಂತ ಜಿಗಿದರೆ ಮೇಲಿನ ಇಟ್ಟಿಗೆ ತಲೆಗೆ ತಾಗಿ ಅದರ ಮೇಲೇ ಬೀಳುತ್ತೇವೆ. ಅಣಬೆ ಒಳ್ಳೆಯದು ಅಂತ ಒಂದಕ್ಷರ ಓದಿಸದೆ ಕಲಿಸಿಬಿಟ್ಟರು. ಇಂಗ್ಲಿಷ್ ಬಾರದ ನನ್ನಂಥ ಎಷ್ಟು ಹುಡುಗರು ಇದರಿಂದಲೇ ಆಡಲು ಕಲಿತೆವು! ಈ ಆಟ ರೂಪಿಸಿದ ಮಿಯಾಮೊಟೊ, ತೆಜುಕಾ ಮಾಡಿದ ಆ ಒಂದು ಲೆವೆಲ್ ಸಾಕು, ಉಳಿದದ್ದನ್ನೆಲ್ಲ ನಾನು ಮನ್ನಿಸುತ್ತೇನೆ.

ತೀರ್ಥಹಳ್ಳಿಯವ:

1-1ರ ಬಗ್ಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಇವತ್ತಿಗೂ ಅದನ್ನು ಆಡಿದರೆ ಮುಖ ಅರಳುತ್ತದೆ. ಮೊದಲ ನಾಲ್ಕು ವರ್ಲ್ಡ್ ಬಗ್ಗೆ ನನಗೆ ದೂರೇ ಇಲ್ಲ.

ಆದರೆ ಜಾಗ ಇರಲಿಲ್ಲ ಅನ್ನೋದು ಕಾರಣ, ಸಮಾಧಾನ ಅಲ್ಲ. ಜಾಗ ಇಲ್ಲದಿದ್ದರೆ 27 ಲೆವೆಲ್ ಸಾಕಿತ್ತು. ಅಡುಗೆ ಕಡಿಮೆ ಬಿತ್ತು ಅಂತ ಸಾರಿಗೆ ನೀರು ಸೇರಿಸಿ ಬಡಿಸಿದರೆ, ಪಾತ್ರೆ ಚಿಕ್ಕದಿತ್ತು ಅನ್ನುವ ಮಾತು ಉಣ್ಣುವವನ ಹೊಟ್ಟೆ ತುಂಬಿಸುತ್ತದೆಯಾ? ನಾನು 28 ವರ್ಷ ಕಾದಿದ್ದೆ. 5-3 ತೆರೆದಾಗ ಹೊಸ ಊರಿಗೆ ಬಸ್ಸು ಹತ್ತಿ, ಇಳಿದು ನೋಡಿದರೆ ಹತ್ತಿದ ಸ್ಟಾಪೇ ಬಂದ ಹಾಗಾಯಿತು.

ಇನ್ನು 8ನೇ ವರ್ಲ್ಡ್. ಅದಕ್ಕೂ ಮೊದಲು, ಕೋಟೆಗಳನ್ನು ಬಿಟ್ಟರೆ, ಪ್ರತಿ ಲೆವೆಲ್‌ನಲ್ಲೂ ಅರ್ಧ ದಾಟಿ ಔಟಾದರೆ ಅರ್ಧದಿಂದಲೇ ಶುರು. 8ನೇದರಲ್ಲಿ ಅದೂ ಇಲ್ಲ. 8-1 ಎಷ್ಟು ಉದ್ದ ಇದೆ ನೋಡಿ, ಕೊಟ್ಟಿರುವ ಸಮಯ 300. 8-3ರಲ್ಲಿ ಸುತ್ತಿಗೆ ಎಸೆಯುವ ಜೋಡಿಗಳು ಸಾಲಾಗಿ ಬರುತ್ತವೆ. ಅಲ್ಲಿ ಔಟಾದರೆ ಮತ್ತೆ ಮೊದಲಿಂದ. ನನಗೆ ಅದರಲ್ಲಿ ಏನೂ ಹೊಸದು ಕಾಣಲಿಲ್ಲ, ಬರೀ ದಣಿವು.

ಬಿಳಿಕಪ್ಪು ಟಿವಿ:

ನಮ್ಮ ಮನೆಯಲ್ಲಿ ಇದ್ದದ್ದು 14 ಇಂಚಿನ ಬ್ಲ್ಯಾಕ್ ಅಂಡ್ ವೈಟ್ ಪೋರ್ಟಬಲ್. ಮಾರಿಯೋ ಕೆಂಪು ಟೋಪಿ ಹಾಕಿದ್ದಾನೆ ಅಂತ ಗೊತ್ತಾಗಿದ್ದು ಕ್ಯಾಸೆಟ್ ಮೇಲಿನ ಚಿತ್ರದಿಂದ. ದೊಡ್ಡವನಾಗುವ ಅಣಬೆ ಮತ್ತು ಲೈಫ್ ಕೊಡುವ ಅಣಬೆ ಎರಡರದ್ದೂ ಆಕಾರ ಒಂದೇ, ವ್ಯತ್ಯಾಸ ಬಣ್ಣದಲ್ಲಿ ಮಾತ್ರ ಅಲ್ವಾ. ನಮಗೆ ಎರಡೂ ಬೂದಿ ಬಣ್ಣ. ಯಾವುದು ಎಲ್ಲಿ ಬರುತ್ತದೆ ಅಂತ ಜಾಗ ನೆನಪಿಟ್ಟುಕೊಂಡೇ ಆಡಿದ್ದು. ಈಗ ಕಲರಿನಲ್ಲಿ ಆಡಿದರೆ ಆ ನೀಲಿ ಆಕಾಶ ಕಣ್ಣಿಗೆ ಹೊಡೆಯುತ್ತದೆ. ಅದು ನನ್ನ ಮಾರಿಯೋ ಅಲ್ಲ ಅನ್ನಿಸುತ್ತದೆ. ಮೊದಲ ದಿನ ಟಿವಿಯ ಕಲರ್ ಪೂರ್ತಿ ಇಳಿಸಿ ಆಡಿದೆ, ಆಗ ಸ್ವಲ್ಪ ಸರಿಹೋಯಿತು.

ಬೆಸುಗೆ ಕಡ್ಡಿ:

ತೀರ್ಥಹಳ್ಳಿಯವರೇ, ನಿಮ್ಮ ಮೊದಲ ಬರಹದ ಒಂದು ಸಾಲಿನ ಹತ್ತಿರ ನಾನು ನಿಂತುಬಿಟ್ಟೆ. ಮಾರಿಯೋ ಅರ್ಧ ಇಟ್ಟಿಗೆ ಆಚೆಗೆ ಹೋಗಿ ನಿಲ್ಲುತ್ತಾನೆ ಅಂದಿರಿ. ಅದು ನಿಮ್ಮ ವಯಸ್ಸಲ್ಲ, ಕೈಯ ತಪ್ಪೂ ಅಲ್ಲ. ನೀವು ಚಿಕ್ಕವರಿದ್ದಾಗ ಆಡಿದ ಮಾರಿಯೋ ನಿಜವಾಗಿಯೂ ಇದಕ್ಕಿಂತ ನಿಧಾನ ಇದ್ದ.

ನಾನು ಹಳೇ ಡಬ್ಬಿಗಳನ್ನು ರಿಪೇರಿ ಮಾಡುವವನು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈ ಆಟ ಗಡಿಯಾರ ನೋಡಿ ನಡೆಯುವುದಿಲ್ಲ, ಟಿವಿ ನೋಡಿ ನಡೆಯುತ್ತದೆ. ಪರದೆ ಮೇಲೆ ಒಂದು ಚಿತ್ರ ಮೂಡಿದರೆ ಆಟ ಒಂದು ಹೆಜ್ಜೆ ಮುಂದಕ್ಕೆ. ಜಪಾನ್ ಮತ್ತು ಅಮೆರಿಕದ ಹಳೇ ಟಿವಿಗಳಲ್ಲಿ ಸೆಕೆಂಡಿಗೆ 60 ಚಿತ್ರ. ನಮ್ಮ ದೇಶದ್ದು ಪಾಲ್ ಪದ್ಧತಿ, ಸೆಕೆಂಡಿಗೆ 50. ಯುರೋಪಿಗೂ 50ರ ಟಿವಿಯೇ. ಅಲ್ಲಿಗೆ ಕಳಿಸಿದ ಅಸಲಿ ಕ್ಯಾಸೆಟ್ಟಿನಲ್ಲಿ ಕಂಪನಿಯವರು ವೇಗ ತಿದ್ದಿ ಸರಿಮಾಡಿದ್ದರು. ನಮಗೆ ಬಂದದ್ದು ನಕಲು ಕ್ಯಾಸೆಟ್. ಅದರೊಳಗೆ ಇದ್ದದ್ದು 60ಕ್ಕೆ ಬರೆದ ಆಟ, ಓಡಿದ್ದು 50ರ ಡಬ್ಬಿಯಲ್ಲಿ. ಅಂದರೆ ಎಲ್ಲವೂ ಆರರಲ್ಲಿ ಒಂದು ಪಾಲು ನಿಧಾನ. ಓಟ, ಜಿಗಿತ, ಆಮೆ, ಬೆಂಕಿಯ ಸರಪಳಿ, ಹಾಡಿನ ನಡೆ, ಎಲ್ಲಾ.

ಮಾತಿನಲ್ಲಿ ಹೇಳಿದರೆ ನಂಬುವುದು ಕಷ್ಟ, ಅದಕ್ಕೇ ಅಳೆದಿದ್ದೇನೆ. 1-1 ಶುರು ಮಾಡಿ ಮಾರಿಯೋನನ್ನು ಅಲುಗಾಡಿಸದೆ ನಿಲ್ಲಿಸಿ. ಮೊದಲ ಶತ್ರು ಕೂಡ ಬರುವುದಿಲ್ಲ, ನೀವು ಮುಂದೆ ಹೋದರೆ ಮಾತ್ರ ಅದು ಹೊರಡುವುದು. ಮೇಲೆ 400 ಅಂತ ಸಮಯ ಇರುತ್ತದಲ್ಲ, ಅದರ ಒಂದೊಂದು ಅಂಕಿ ಇಳಿಯಲು 24 ಚಿತ್ರ ಬೇಕು. 400 ಸೊನ್ನೆಗೆ ಬರಲು 9600 ಚಿತ್ರ. 60ರ ಲೆಕ್ಕದಲ್ಲಿ ಅದು 2 ನಿಮಿಷ 40 ಸೆಕೆಂಡ್. 50ರಲ್ಲಿ 3 ನಿಮಿಷ 12 ಸೆಕೆಂಡ್. ನನ್ನ ಹತ್ತಿರ ಇರುವ ಒಂದು ನಕಲು ಡಬ್ಬಿಯನ್ನು ಹಳೇ ಪಿಕ್ಚರ್ ಟ್ಯೂಬ್ ಟಿವಿಗೆ ಜೋಡಿಸಿ, ಮೊಬೈಲಿನ ಸ್ಟಾಪ್‌ವಾಚ್ ಒತ್ತಿ ಕೂತೆ. ನೂರಕ್ಕೆ ಬಂದಾಗ ಹಾಡು ಓಡತೊಡಗುತ್ತದಲ್ಲ, ಅದೂ ಆಯಿತು. ಮಾರಿಯೋ ಬಿದ್ದಾಗ ಸ್ಟಾಪ್‌ವಾಚ್‌ನಲ್ಲಿ 3 ನಿಮಿಷ 12 ಸೆಕೆಂಡ್. ಸರಿಯಾಗಿ ಅಷ್ಟೇ.

ಈಗ ಯೋಚಿಸಿ. ಬೇಸಿಗೆ ಪೂರ್ತಿ ನಿಮ್ಮ ಹೆಬ್ಬೆರಳು ಆ ನಿಧಾನದ ಲೆಕ್ಕಕ್ಕೇ ಪಳಗಿದೆ. ಅದು ಸೈಕಲ್ ಇದ್ದ ಹಾಗೆ, ಮರೆಯುವುದಿಲ್ಲ. ಸ್ವಿಚ್ಚಿನಲ್ಲಿ ಓಡುವುದು 60ರದ್ದು. ನೀವು ನಿಲ್ಲಿಸುವ ಹೊತ್ತಿಗೆ ಅವನು ಮುಂದೆ ಹೋಗಿರುತ್ತಾನೆ.

ಇದರ ಮೇಲೆ ಇನ್ನೊಂದಿದೆ. ಹಳೇ ಟಿವಿ ಸಿಗ್ನಲ್ ಬಂದ ಹಾಗೇ ತೋರಿಸುತ್ತಿತ್ತು. ಈಗಿನ ಟಿವಿಗಳು ಚಿತ್ರವನ್ನು ಹಿಡಿದು, ತಿದ್ದಿ ತೀಡಿ ಆಮೇಲೆ ತೋರಿಸುತ್ತವೆ. ಬಟನ್ ಒತ್ತಿದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ನಡುವೆ ತಡ ಆಗುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಅಂತ ಇದ್ದರೆ ಹಾಕಿ, ತಡ ಎಷ್ಟೋ ಕಡಿಮೆಯಾಗುತ್ತದೆ.

ಎರಡನೇ ರಿಮೋಟ್:

ಬೆಸುಗೆ ಕಡ್ಡಿಯವರ ಬರಹ ಎರಡು ಸಲ ಓದಿದೆ. ಹಾಡು ಯಾಕೆ ಅವಸರದಲ್ಲಿ ಹೋಗುತ್ತಿದೆ ಅಂತ ನನಗೂ ಅನ್ನಿಸಿತ್ತು, ಮೊಬೈಲಿನಲ್ಲಿ ಕೇಳುವಾಗಲೆಲ್ಲ.

ನನ್ನ ಕಥೆ ಬೇರೆ. ಮಂಡ್ಯದ ಮನೆಯಲ್ಲಿ ಅಣ್ಣ ಯಾವಾಗಲೂ ಮಾರಿಯೋ, ನಾನು ಮಾರಿಯೋನ ತಮ್ಮ ಲುಯಿಗಿ. ಈ ಆಟದಲ್ಲಿ ಇಬ್ಬರೂ ಒಟ್ಟಿಗೆ ಆಡುವ ಹಾಗಿಲ್ಲ. ಮೊದಲನೆಯವರು ಔಟಾದರೆ ಮಾತ್ರ ಎರಡನೆಯವರ ಸರದಿ. ಅಣ್ಣ ಚೆನ್ನಾಗಿ ಆಡುತ್ತಿದ್ದ, ಬೇಗ ಔಟಾಗುತ್ತಿರಲಿಲ್ಲ. ನಾನು ಕೈಯಲ್ಲಿ ರಿಮೋಟ್ ಹಿಡಿದುಕೊಂಡು ಕಾಯುತ್ತಿದ್ದೆ. ಎರಡನೇ ರಿಮೋಟ್‌ನಲ್ಲಿ ಸ್ಟಾರ್ಟ್ ಬಟನ್ ಕೂಡ ಇರಲಿಲ್ಲ. ನನ್ನ ಸರದಿಯಲ್ಲಿ ಅಮ್ಮ ಕರೆದರೆ ಆಟ ನಿಲ್ಲಿಸುವುದಕ್ಕೂ ಅಣ್ಣನನ್ನೇ ಕೇಳಬೇಕಿತ್ತು. ನನ್ನ ಸರದಿ ಬಂದಾಗ ಕೈ ನಡುಗುತ್ತಿತ್ತು, 1-1ರ ಮೊದಲ ಗುಂಡಿಯಲ್ಲೇ ಬೀಳುತ್ತಿದ್ದೆ. ಮತ್ತೆ ಅರ್ಧ ಗಂಟೆ ಅಣ್ಣ.

ಹೋದ ವರ್ಷ ಒಬ್ಬಳೇ ಕೂತು ಆಡಿದೆ. ಮೊದಲ ಸಲ ನಾನೇ ಮಾರಿಯೋ. ತೀರ್ಥಹಳ್ಳಿಯವರೇ, ನನಗೆ 5-3 ಬಂದಾಗ ಬೇಜಾರಾಗಲಿಲ್ಲ. ಯಾಕೆಂದರೆ 1-3ನ್ನು ನಾನು ಸರಿಯಾಗಿ ಆಡಿಯೇ ಇರಲಿಲ್ಲ, ನೋಡಿದ್ದೆ ಅಷ್ಟೇ. ಆದರೆ 2-1 ಮುಗಿಸಿ ಬಾವುಟ ಇಳಿಸಿದಾಗ ಪಕ್ಕಕ್ಕೆ ತಿರುಗಿ ನೋಡಿದೆ. ಯಾರಾದರೂ ನೋಡಿದರಾ ಅಂತ. ಯಾರೂ ಇರಲಿಲ್ಲ. ಅದು ಮಾತ್ರ ಬಹಳ ಕಾಡಿತು.

ಹುಬ್ಬಳ್ಳಿ ಹುಡುಗ:

ಅಕ್ಕಾ, ನಿಮ್ಮ ಬರಹ ಓದಿ ನನ್ನ ತಂಗಿಗೆ ಫೋನ್ ಮಾಡಿದೆ. ನಾನೂ ಹಾಗೇ ಮಾಡಿದ್ದೆ. ಬಾವುಟ ಹಿಡಿಯುವಾಗ ಸಮಯದ ಕೊನೆ ಅಂಕಿ 1, 3 ಅಥವಾ 6 ಇದ್ದರೆ ಅಷ್ಟು ಪಟಾಕಿ ಹೊಡೆಯುತ್ತದಲ್ಲ, ಅದನ್ನು ಮೊದಲು ಕಂಡುಹಿಡಿದದ್ದು ಅವಳು. ಆಡಲು ಸಿಗದೆ ಸುಮ್ನೆ ನೋಡುತ್ತಾ ಕೂತಿದ್ದಳು, ಅದಕ್ಕೇ ಗೊತ್ತಾಯಿತು. ಬೀದಿಯಲ್ಲೆಲ್ಲಾ ನಾನು ಕಂಡುಹಿಡಿದೆ ಅಂತ ಹೇಳಿಕೊಂಡು ತಿರುಗಿದ್ದೆ. ಇವತ್ತು ಅವಳಿಗೆ ಕ್ಷಮೆ ಕೇಳಿದೆ.

ರಾತ್ರಿ ಪಾಳಿ:

ತೀರ್ಥಹಳ್ಳಿಯವರು ಆಡಿದ ಕ್ರಮದಲ್ಲೇ ತೊಂದರೆ ಇದೆ ಅಂತ ನನ್ನ ಅನಿಸಿಕೆ. ಶಾರ್ಟ್‌ಕಟ್ ಬೇಡ ಅಂದಿರಲ್ಲ, ಅಲ್ಲೇ.

ಲೆಕ್ಕ ಹಾಕಿ. 1-2ರ ಪೈಪು ಹಿಡಿದು 4-1ಕ್ಕೆ ಹೋಗಿ. 4-2ರಲ್ಲಿ ಕಣ್ಣಿಗೆ ಕಾಣದ ಡಬ್ಬಿಗಳಿವೆ. ಅವುಗಳನ್ನು ತಲೆಯಿಂದ ಗುದ್ದಿ ಮೆಟ್ಟಿಲು ಮಾಡಿಕೊಂಡರೆ ಮೇಲಿನ ಇಟ್ಟಿಗೆಯಿಂದ ಬಳ್ಳಿ ಹೊರಡುತ್ತದೆ. ಅದನ್ನು ಹತ್ತಿದರೆ 6, 7, 8ರ ಪೈಪುಗಳು. 8 ಹಿಡಿಯಿರಿ. ಒಟ್ಟು ಆಡಿದ್ದು 1-1, 1-2, 4-1, 4-2, ಆಮೇಲೆ 8ರ ನಾಲ್ಕು. ಎಂಟೇ ಎಂಟು ಲೆವೆಲ್. ನೀವು ಹೇಳಿದ ಮರುಬಳಕೆಯ ಲೆವೆಲ್ ಇದರಲ್ಲಿ ಒಂದೂ ಇಲ್ಲ! ಒಂದರ ಹಾಗೆ ಇನ್ನೊಂದಿಲ್ಲ. ಕರೆಂಟು ಹೋಗುವುದರೊಳಗೆ ಮುಗಿಸಬಹುದು. ಸೇವ್ ಮಾಡುವ ವ್ಯವಸ್ಥೆಯೇ ಇಲ್ಲದ ಆಟಕ್ಕೆ ಈ ದಾರಿಯೇ ಸರಿ ಅಂತ ನನಗೆ ಅನ್ನಿಸುತ್ತದೆ. ನಮ್ಮ ಕಡೆ ಸಂಜೆ ಹೊತ್ತು ಲೋಡ್ ಶೆಡ್ಡಿಂಗ್ ಇದ್ದ ಕಾಲದಲ್ಲಿ ನಾನು ಹೀಗೇ ಆಡುತ್ತಿದ್ದೆ. ಈಗ ನೈಟ್ ಶಿಫ್ಟ್ ಮುಗಿಸಿ ಬಂದು ನಿದ್ದೆ ಬಾರದಿದ್ದರೆ ಒಂದು ರೌಂಡ್ ಆಡುತ್ತೇನೆ. ನನಗೆ ಇವತ್ತಿಗೂ ಬೇಜಾರಾಗಿಲ್ಲ.

ಇನ್ನೊಂದು ಮಾತು, ರಿವೈಂಡ್ ಬೇಡವೇ ಬೇಡ. ಲೈಫ್ ಎಲ್ಲಾ ಮುಗಿದು ಗೇಮ್ ಓವರ್ ಆದಮೇಲೆ, ಮೊದಲ ಪರದೆಯಲ್ಲಿ ಎ ಒತ್ತಿ ಹಿಡಿದು ಸ್ಟಾರ್ಟ್ ಒತ್ತಿ. ನೀವು ಔಟಾದ ವರ್ಲ್ಡ್‌ನ ಮೊದಲ ಲೆವೆಲ್‌ನಿಂದ ಶುರುವಾಗುತ್ತದೆ. ಇದು ಮೊದಲಿನಿಂದಲೂ ಆಟದೊಳಗೇ ಇತ್ತು, ನಮಗೆ ಯಾರೂ ಹೇಳಿರಲಿಲ್ಲ ಅಷ್ಟೇ. ಪುಸ್ತಕ ಇಲ್ಲದ ಕ್ಯಾಸೆಟ್ ಅಲ್ವಾ.

ತೀರ್ಥಹಳ್ಳಿಯವ:

ಎ ಮತ್ತು ಸ್ಟಾರ್ಟ್! ಆ ಬೇಸಿಗೆಯಲ್ಲಿ ಇದು ಗೊತ್ತಿದ್ದರೆ. ನಾವು 4-4ರಲ್ಲಿ ಔಟಾಗಿ ಪ್ರತಿ ಸಲ 1-1ಕ್ಕೆ ಬರುತ್ತಿದ್ದೆವು.

ರಾತ್ರಿ ಪಾಳಿಯವರೇ, ನಿಮ್ಮ ಎಂಟು ಲೆವೆಲ್ ಲೆಕ್ಕ ನನ್ನನ್ನು ತುಂಬಾ ಹೊತ್ತು ಯೋಚಿಸುವ ಹಾಗೆ ಮಾಡಿತು. ಮಕ್ಕಳಾಗಿದ್ದಾಗ ನಾವೂ ಅರ್ಧ ಅದೇ ದಾರಿಯಲ್ಲಿ ಹೋಗುತ್ತಿದ್ದೆವು, 2 ಮತ್ತು 3ನೇ ವರ್ಲ್ಡ್ ಆಡಿದ್ದೇ ಕಡಿಮೆ. ಈಗ ದೊಡ್ಡವನಾಗಿ, ಎಲ್ಲಾ ಮುಗಿಸಲೇಬೇಕು ಅನ್ನುವ ಹಟಕ್ಕೆ ಬಿದ್ದು ಕಚೇರಿ ಕೆಲಸದ ಹಾಗೆ ಒಂದೊಂದಾಗಿ ಆಡಿದೆ.

ಮೂರನೇ ಭಾಗ:

ಸೂಪರ್ ಮಾರಿಯೋ 3 ಆಡಿ. 1988ರದ್ದು. ಇಡೀ ದೇಶದ ನಕ್ಷೆ ಇದೆ, ದಾರಿ ನೀವೇ ಆರಿಸಬಹುದು. ಎಲೆ ಸಿಕ್ಕರೆ ಬಾಲ ಬರುತ್ತದೆ, ಓಡಿ ಹಾರಬಹುದು. ಮಂಜಿದೆ, ಮರುಭೂಮಿ ಇದೆ, ಹಾರುವ ಹಡಗಿದೆ. ನೀವು ಗಣಿತದ ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದು ಅದನ್ನೇ.

ತೀರ್ಥಹಳ್ಳಿಯವ:

ಅಯ್ಯೋ, ಹಡಗು! ಖಂಡಿತ ಆಡುತ್ತೇನೆ.

ಒಂಬತ್ತರ ಮಗಳ ಅಪ್ಪ:

ನನ್ನ ಮಗಳಿಗೆ 9 ವರ್ಷ. 2023ರಲ್ಲಿ ಬಂದ ಮಾರಿಯೋ ವಂಡರ್ ಆಡಿದ್ದಾಳೆ. ಮೊನ್ನೆ ಈ ಹಳೇದನ್ನು ಕೊಟ್ಟೆ. ಏನೂ ಹೇಳದೆ ಪಕ್ಕದಲ್ಲಿ ಕೂತೆ. ಒಂದು ನಾಣ್ಯದ ಡಬ್ಬಿ ಬಿಟ್ಟು ಮುಂದೆ ಹೋದಳು, ತಿರುಗಿ ಹಿಂದಕ್ಕೆ ಹೋಗಲು ನೋಡಿದಳು. ಪರದೆ ಹಿಂದಕ್ಕೆ ಸರಿಯಲಿಲ್ಲ. "ಅಪ್ಪಾ, ಯಾಕೆ ವಾಪಸ್ ಹೋಗೋಕೆ ಆಗಲ್ಲ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಾವು ಯಾವತ್ತೂ ಅದನ್ನು ಕೇಳಿಕೊಂಡೇ ಇರಲಿಲ್ಲ.

2-3ರ ಸೇತುವೆಯವರೆಗೆ ಆಡಿದಳು, ಮೀನುಗಳು ಹಾರಿ ಹಾರಿ ಬರುತ್ತವಲ್ಲ, ಅಲ್ಲಿ. ಮೂರೂ ಲೈಫ್ ಹೋಯಿತು. ಮತ್ತೆ ಮೊದಲಿಂದ ಅಂದಾಗ ನಂಬಲಿಲ್ಲ. ಆಮೇಲೆ ಕಣ್ಣಲ್ಲಿ ನೀರು. ನಾನು ಎ ಒತ್ತುವ ಉಪಾಯ ಇಲ್ಲಿ ಓದಿದ್ದೆ, ತೋರಿಸಿಕೊಟ್ಟೆ. ಮರುದಿನ ಶಾಲೆಯಿಂದ ಬಂದವಳೇ ಕೇಳಿದ್ದು ವಂಡರ್ ಅಲ್ಲ, ಇದನ್ನೇ. ಅವಳಿಗೆ ಈ ಆಟದ ಬಗ್ಗೆ ಯಾವ ನೆನಪೂ ಇಲ್ಲ. ಆದರೂ ಹಿಡಿಸಿದೆ. ಹಾಗಾಗಿ ಬರೀ ನಮ್ಮ ಬಾಲ್ಯದ ಮೋಹದಿಂದ ಇದು ಚೆಂದ ಕಾಣುತ್ತದೆ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ತೀರ್ಥಹಳ್ಳಿಯವ:

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ. ಬೆಸುಗೆ ಕಡ್ಡಿಯವರು ಖಾಸಗಿಯಾಗಿ ಹೇಳಿಕೊಟ್ಟ ಹಾಗೆ ಲ್ಯಾಪ್‌ಟಾಪಿನಲ್ಲಿ ಮೆಸೆನ್ ಎಮ್ಯುಲೇಟರ್, ಅಂದರೆ ಹಳೇ ಡಬ್ಬಿಯ ಹಾಗೆಯೇ ಆಟ ಓಡಿಸುವ ಸಾಫ್ಟ್‌ವೇರ್, ಹಾಕಿಕೊಂಡೆ. ಅದರಲ್ಲಿ ರೀಜನ್ ಅಂತ ಒಂದು ಆಯ್ಕೆ ಇದೆ. ಅದನ್ನು ಡೆಂಡಿ ಅಂತ ಬದಲಿಸಬೇಕು. ಡೆಂಡಿ ಅಂದರೆ 1992ರಲ್ಲಿ ರಷ್ಯಾದಲ್ಲಿ ಮಾರಾಟಕ್ಕೆ ಬಂದ ಇಂಥದ್ದೇ ನಕಲು ಡಬ್ಬಿ, ಅದೂ 50ರದ್ದೇ. ನಮ್ಮ ಹಾಗೆಯೇ ಅಲ್ಲಿನ ಒಂದು ಇಡೀ ಪೀಳಿಗೆ ನಿಧಾನದ ಮಾರಿಯೋ ಆಡಿ ಬೆಳೆದಿದೆ ಅಂತ ಗೊತ್ತಾಗಿ ಆಶ್ಚರ್ಯವಾಯಿತು.

ಆಯ್ಕೆ ಬದಲಿಸಿ ಸ್ಟಾರ್ಟ್ ಒತ್ತಿದೆ. ಹಾಡು ಶುರುವಾಯಿತು. ಮೊದಲ ನಾಲ್ಕು ಸ್ವರ ಕೇಳಿದ್ದೇ ತಡ, ಮೈ ಜುಂ ಅಂದಿತು. ಇದೇ, ಇದೇ ಹಾಡು. ಸ್ವಿಚ್ಚಿನಲ್ಲಿ ಕೇಳಿದ್ದು ಅದನ್ನು ಯಾರೋ ಓಡಿಸಿಕೊಂಡು ಹೋದ ಹಾಗಿತ್ತು. ಇಲ್ಲಿ ಅದು ತನ್ನ ಪಾಡಿಗೆ ನಡೆಯುತ್ತಿತ್ತು.

1-2ರಲ್ಲಿ ಇಳಿಯುವ ಲಿಫ್ಟ್‌ಗಳ ಹತ್ತಿರ ಬಂದೆ. ಸ್ವಿಚ್ಚಿನಲ್ಲಿ ನಾನು ಅತಿ ಹೆಚ್ಚು ಸಲ ಬಿದ್ದ ಜಾಗ ಅದು. ಇಲ್ಲಿ ನಾನು ಯೋಚಿಸಲೇ ಇಲ್ಲ. ಹೆಬ್ಬೆರಳು ತಾನಾಗಿಯೇ ಒತ್ತಿತು, ಮಾರಿಯೋ ಹಲಗೆಯ ನಟ್ಟನಡುವೆ ನಿಂತ. ಮೇಲಿನ ಇಟ್ಟಿಗೆಗೆ ಜಿಗಿದ. ಪೈಪಿನ ಕೋಣೆಗೆ ಹೋದ. ಒಂದು ಸಲವೂ ಜಾರಲಿಲ್ಲ. ಬಟನ್ನಿನಿಂದ ಕೈ ತೆಗೆದು ಬೆರಳನ್ನೇ ನೋಡಿದೆ. ಇದೆಲ್ಲಾ ಇಷ್ಟು ವರ್ಷ ಅದರಲ್ಲೇ ಇತ್ತು.

ರಾತ್ರಿ ಪಾಳಿಯವರ ದಾರಿಯಲ್ಲೇ ಹೋದೆ. ರಿವೈಂಡ್ ಮುಟ್ಟಲಿಲ್ಲ. 8-2ರಲ್ಲಿ ಲೈಫ್ ಮುಗಿಯಿತು. ಎ, ಸ್ಟಾರ್ಟ್. ಮತ್ತೆ 8-1. ಇನ್ನೂ ಮುಗಿಸಿಲ್ಲ. ಈ ಸಲ ಅವಸರ ಇಲ್ಲ.

ಆದರೂ ಒಂದು ಮಾತು ಹೇಳಲೇಬೇಕು, ಇಲ್ಲದಿದ್ದರೆ ಸುಳ್ಳು ಹೇಳಿದ ಹಾಗಾಗುತ್ತದೆ. ವೇಗ ಸರಿಯಾಯಿತು ಅಂತ 5-3 ಹೊಸದಾಗಲಿಲ್ಲ. ಈ ಆಟದ ದ್ವಿತೀಯಾರ್ಧ ಸೊರಗಿದೆ ಅನ್ನುವ ನನ್ನ ಮಾತಿಗೆ ಈಗಲೂ ನಾನು ಬದ್ಧ. ಹುಬ್ಬಳ್ಳಿ ಹುಡುಗರು ಬೇಜಾರು ಮಾಡಿಕೊಳ್ಳಬಾರದು.

ಹುಬ್ಬಳ್ಳಿ ಹುಡುಗ:

ಬೇಜಾರೇನಿಲ್ಲ ಸರ್. 7-3 ನನಗೂ ಇಷ್ಟ ಇಲ್ಲ. ಆದರೆ 8-4 ಪೈಪಿನ ಚಕ್ರವ್ಯೂಹ ಆಡಿ ಮುಗಿಸಿ, ಆಮೇಲೆ ಬಂದು ದ್ವಿತೀಯಾರ್ಧ ಅನ್ನಿ. ಕೊನೆಯಲ್ಲಿ ರಾಣಿ ಸಿಕ್ಕಮೇಲೆ ಬಿ ಒತ್ತಿದರೆ ಬೇಕಾದ ವರ್ಲ್ಡ್ ಆರಿಸಬಹುದು, ಆಗ ಮೊದಲ ಶತ್ರುಗಳ ಜಾಗಕ್ಕೆ ಬೆಂಕಿಗೂ ಜಗ್ಗದ ಗಟ್ಟಿ ಚಿಪ್ಪಿನವು ಬರುತ್ತವೆ. ಸ್ವಿಚ್ಚಿನಲ್ಲಿ ಮುಗಿಸಿದಾಗ ಟಿವಿ ಆಫ್ ಮಾಡಿಬಿಟ್ಟಿರಿ, ಅದನ್ನು ನೋಡಿಯೇ ಇಲ್ಲ ಅನ್ನಿಸುತ್ತದೆ.

ತೀರ್ಥಹಳ್ಳಿಯವ:

ನಿಜ, ನೋಡಿಲ್ಲ! ನೋಡುತ್ತೇನೆ.

ಮುಂದಿನ ಶನಿವಾರ ಊರಿಗೆ ಹೋಗುತ್ತಿದ್ದೇನೆ. ತಮ್ಮನೂ ಬರುತ್ತಾನೆ. ಡಬ್ಬಿ ಮತ್ತು ಹಳದಿ ಕ್ಯಾಸೆಟ್ ಅಟ್ಟದ ಮೇಲೆ ಅಮ್ಮನ ಹಳೇ ಟ್ರಂಕಿನಲ್ಲಿ ಇವೆಯಂತೆ. ಹಳೇ ಟಿವಿಯೂ ಇದೆ. ಅಡಾಪ್ಟರ್ ಇಲ್ಲ, ಕಳೆದುಹೋಗಿದೆ. ಬೆಸುಗೆ ಕಡ್ಡಿಯವರೇ, ಅಂಗಡಿಯಲ್ಲಿ ಸಿಗುವ ಯಾವುದಾದರೂ ಅಡಾಪ್ಟರ್ ಹಾಕಬಹುದಾ?

ಬೆಸುಗೆ ಕಡ್ಡಿ:

ಯಾವುದೋ ಒಂದನ್ನು ಹಾಕಬೇಡಿ. ಡಬ್ಬಿಯ ತಳದಲ್ಲೋ ಪಿನ್ ಪಕ್ಕದಲ್ಲೋ ಎಷ್ಟು ವೋಲ್ಟ್ ಅಂತ ಬರೆದಿರುತ್ತದೆ. ಅದಕ್ಕಿಂತ ಮುಖ್ಯ, ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಅನ್ನೋದು. ಈ ಡಬ್ಬಿಗಳಲ್ಲಿ ಎರಡೂ ಬಗೆ ಇವೆ. ತಿರುವುಮುರುವಾದರೆ ಒಳಗೆ ಸುಟ್ಟುಹೋಗಬಹುದು. ಗುರುತು ಅಳಿಸಿದ್ದರೆ ಡಬ್ಬಿ ಬಿಚ್ಚಿ ಫೋಟೋ ಕಳಿಸಿ, ನೋಡಿ ಹೇಳುತ್ತೇನೆ.

ಮತ್ತೆ ಕ್ಯಾಸೆಟ್ ಊದಬೇಡಿ. ನಾವೆಲ್ಲಾ ಊದಿದವರೇ, ಆದರೆ ಬಾಯಿಯ ತೇವಕ್ಕೆ ಆ ತಾಮ್ರದ ಪಟ್ಟಿ ಹಾಳಾಗುತ್ತದೆ. ಮೆಡಿಕಲ್ ಶಾಪಿನಲ್ಲಿ ಐಸೋಪ್ರೊಪೈಲ್ ಆಲ್ಕೋಹಾಲ್ ಸಿಗುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಅದ್ದಿ ಪಟ್ಟಿಗಳನ್ನು ಮೆತ್ತಗೆ ಒರೆಸಿ. ಹತ್ತಿ ಕಪ್ಪಾಗುತ್ತದೆ, ಕಪ್ಪಾಗುವುದು ನಿಲ್ಲುವವರೆಗೆ ಹೊಸ ಕಡ್ಡಿ ತೆಗೆದುಕೊಳ್ಳುತ್ತಾ ಒರೆಸಿ. ಹತ್ತು ನಿಮಿಷ ಆರಲು ಬಿಟ್ಟು ಆಮೇಲೆ ಹಾಕಿ. ಟಿವಿಯಲ್ಲಿ ಚಾನೆಲ್ ಟ್ಯೂನ್ ಮಾಡುವುದು ಮರೆತಿದ್ದರೆ ಕೇಳಿ.

ಎರಡನೇ ರಿಮೋಟ್:

ತೀರ್ಥಹಳ್ಳಿಯವರೇ, ಮೊದಲನೇ ರಿಮೋಟ್ ತಮ್ಮನಿಗೆ ಕೊಡಿ.